ಕೊಟ್ಟುಬಿಡು, ಬಿಟ್ಟುಕೊಡು: ಇಂಗ್ಲಿಷಿನ ‘ಗಿವ್ ಅಪ್’ ಮತ್ತು ಕನ್ನಡದ ಅರ್ಥವಿವೇಕ

ಇಂಗ್ಲಿಷ್ ಕಲಿಯುವ ಕನ್ನಡಿಗರಿಗೆ ಆ ಭಾಷೆಯ ದೊಡ್ಡ ಪದಗಳಿಗಿಂತ ಚಿಕ್ಕ ಪದಗಳೇ ಹೆಚ್ಚಿನ ತೊಡಕನ್ನು ಒಡ್ಡುತ್ತವೆ. ಗ್ರೀಕ್ ಅಥವಾ ಲ್ಯಾಟಿನ್ ಮೂಲದ ಉದ್ದನೆಯ ಪದಕ್ಕೆ ನಿಘಂಟಿನಲ್ಲಿ ಸಾಮಾನ್ಯವಾಗಿ ಒಂದೆರಡು ಅರ್ಥಗಳಿರುತ್ತವೆ. ಅವುಗಳಿಗೆ ಸಂಸ್ಕೃತದಿಂದ ಸಮಾನಪದಗಳನ್ನು ಹೊಂದಿಸಿಕೊಳ್ಳುವುದೂ ಕಷ್ಟವಲ್ಲ. ಆದರೆ ‘ಗಿವ್’, ‘ಟೇಕ್’, ‘ಪುಟ್’, ‘ಗೆಟ್’ ಮುಂತಾದ ದಿನಬಳಕೆಯ ಕ್ರಿಯಾಪದಗಳು ‘ಅಪ್’, ‘ಇನ್’, ‘ಆಫ್’, ‘ಔಟ್’ ಎಂಬ ಕಿರುಪದಗಳೊಡನೆ ಕೂಡಿದಾಗ ಹುಟ್ಟುವ ಅರ್ಥವು ಆ ಎರಡು ಪದಗಳ ಮೊತ್ತವಾಗಿರುವುದಿಲ್ಲ. ‘ಗಿವ್’ ಎಂದರೆ ಕೊಡು, ‘ಅಪ್’ ಎಂದರೆ ಮೇಲೆ. ಆದರೆ ‘ಗಿವ್ ಅಪ್’ ಎಂದರೆ ಮೇಲೆ ಕೊಡು ಎಂದಲ್ಲ. ಚಟವನ್ನು ಬಿಡುವುದು, ಹುದ್ದೆಯನ್ನು ತ್ಯಜಿಸುವುದು, ಪ್ರಯತ್ನವನ್ನು ನಿಲ್ಲಿಸುವುದು, ಸೋಲನ್ನು ಒಪ್ಪುವುದು, ಆಸೆ ತೊರೆಯುವುದು, ಪೊಲೀಸರಿಗೆ ಶರಣಾಗುವುದು, ಕೂತ ಜಾಗವನ್ನು ಮತ್ತೊಬ್ಬರಿಗೆ ಬಿಟ್ಟುಕೊಡುವುದು, ಹೆತ್ತ ಮಗುವನ್ನು ದತ್ತು ನೀಡುವುದು, ಪ್ರಾಣ ಬಿಡುವುದು – ಇಷ್ಟೂ ಕ್ರಿಯೆಗಳನ್ನು ಇಂಗ್ಲಿಷ್ ಈ ಎರಡು ಪದಗಳ ಜೋಡಿಯಿಂದಲೇ ನಿರ್ವಹಿಸುತ್ತದೆ.

ಈ ಬಹುಳತೆಯನ್ನು ಕೇವಲ ವ್ಯಾಕರಣದ ಸಮಸ್ಯೆಯೆಂದು ಪರಿಗಣಿಸಿ, ಅರ್ಥಗಳನ್ನು ಒಂದರ ಕೆಳಗೊಂದು ಪಟ್ಟಿ ಮಾಡಿ ಕಂಠಪಾಠಕ್ಕೆ ಒದಗಿಸುವುದು ಪಠ್ಯಪುಸ್ತಕಗಳ ರೂಢಿ. ಜಾನಪದ ಅಧ್ಯಯನದ ದೃಷ್ಟಿಯಿಂದ ನೋಡಿದರೆ ಸಮಸ್ಯೆಯ ಸ್ವರೂಪ ಬೇರೆಯೇ ಆಗಿದೆ. ಆಲನ್ ಡಂಡಿಸ್ 1964ರಲ್ಲಿ ಜಾನಪದ ಅಭಿವ್ಯಕ್ತಿಯ ವಿಶ್ಲೇಷಣೆಗೆ ಹೆಣಿಗೆ, ಪಠ್ಯ, ಸಂದರ್ಭ ಎಂಬ ಮೂರು ಸ್ತರಗಳನ್ನು ಸೂಚಿಸಿದರು. ಮೂರನೆಯ ಸ್ತರವನ್ನು ಕಡೆಗಣಿಸಿದರೆ ಗಾದೆಯಾಗಲಿ ಒಗಟಾಗಲಿ ಅರ್ಥವಾಗುವುದಿಲ್ಲ ಎಂಬುದು ಅವರ ವಾದದ ತಿರುಳು. ನುಡಿಗಟ್ಟಿಗೂ ಇದು ಅನ್ವಯಿಸುತ್ತದೆ. ‘ಗಿವ್ ಅಪ್’ ಎಂಬಲ್ಲಿ ಬಿಡುವವರು ಯಾರು, ಬಿಟ್ಟದ್ದನ್ನು ಪಡೆಯುವವರು ಇದ್ದಾರೆಯೇ, ಇದ್ದರೆ ಅವರು ಯಾರು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆತಾಗ ಮಾತ್ರ ಅದರ ಅರ್ಥ ನಿಶ್ಚಯವಾಗುತ್ತದೆ. ಇಂಗ್ಲಿಷ್ ನುಡಿಗಟ್ಟು ಈ ಪ್ರಶ್ನೆಗಳನ್ನು ಮುಚ್ಚಿಡಬಲ್ಲದು. ಕನ್ನಡದ ಆಡುನುಡಿ ಬಹುಮಟ್ಟಿಗೆ ಅವನ್ನು ತೆರೆದಿಡುತ್ತದೆ. ಅನುವಾದದಲ್ಲಿ ಈ ವ್ಯತ್ಯಾಸವನ್ನು ಉಪೇಕ್ಷಿಸಿದಾಗ ಆಗುವ ಹಾನಿ ಕೇವಲ ಶೈಲಿಯದಲ್ಲ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಹೆಸರು ಮತ್ತು ಹಿನ್ನೆಲೆ

ಕ್ರಿಯಾಪದ ಮತ್ತು ಕಿರುಪದಗಳ ಈ ಕೂಟವನ್ನು ಇಂಗ್ಲಿಷ್ ವ್ಯಾಕರಣವು ‘ಫ್ರೇಸಲ್ ವರ್ಬ್’ ಎಂದು ಕರೆಯುತ್ತದೆ. ಕನ್ನಡದಲ್ಲಿ ಇದನ್ನು ನುಡಿಗಟ್ಟು ಕ್ರಿಯಾಪದ ಎನ್ನಬಹುದು. ಲೋಗನ್ ಪಿಯರ್ಸಾಲ್ ಸ್ಮಿತ್ 1925ರಲ್ಲಿ ಪ್ರಕಟಿಸಿದ ‘ವರ್ಡ್ಸ್ ಅಂಡ್ ಇಡಿಯಮ್ಸ್’ ಕೃತಿಯಿಂದ ಈ ಹೆಸರು ಪ್ರಚಾರಕ್ಕೆ ಬಂದಿತು. ಹೆಸರನ್ನು ಸೂಚಿಸಿದವರು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲಿ ಒಬ್ಬರಾದ ಹೆನ್ರಿ ಬ್ರಾಡ್ಲಿ ಎಂದು ಸ್ಮಿತ್ ಅವರೇ ದಾಖಲಿಸಿದ್ದಾರೆ. ಹೆಸರು ಹೊಸದಾದರೂ ಸಮಸ್ಯೆಯ ಅರಿವು ಹಳೆಯದು. ಸ್ಯಾಮ್ಯುಯೆಲ್ ಜಾನ್ಸನ್ ತಮ್ಮ 1755ರ ನಿಘಂಟಿನ ಮುನ್ನುಡಿಯಲ್ಲಿ, ಕಿರುಪದವೊಂದು ಸೇರಿ ಕ್ರಿಯಾಪದದ ಅರ್ಥ ಮಾರ್ಪಡುವ ಈ ವರ್ಗವು ಪರಭಾಷಿಕರಿಗೆ ಅತ್ಯಂತ ಕಷ್ಟಕರವೆಂದು ಗುರುತಿಸಿ, ಇವುಗಳ ಸಂಗ್ರಹಕ್ಕೆ ತಾವು ವಿಶೇಷ ಶ್ರಮ ವಹಿಸಿರುವುದಾಗಿ ತಿಳಿಸಿದ್ದಾರೆ.

ಹಳೆಯ ಇಂಗ್ಲಿಷಿನಲ್ಲಿ ಇಂತಹ ಅರ್ಥವಿಶೇಷಗಳನ್ನು ಮುಖ್ಯವಾಗಿ ಪೂರ್ವಪ್ರತ್ಯಯಗಳು ನಿರ್ವಹಿಸುತ್ತಿದ್ದವು. ಇಂದಿನ ‘ಫರ್‌ಗಿವ್’ ಎಂಬ ಪದದಲ್ಲಿ ಉಳಿದಿರುವ ‘ಫರ್’ ಅಂತಹ ಒಂದು ಪ್ರತ್ಯಯ. ಕಾಲಕ್ರಮೇಣ ಪೂರ್ವಪ್ರತ್ಯಯಗಳು ಶಕ್ತಿಗುಂದಿ, ಕ್ರಿಯಾಪದದ ಹಿಂದೆ ಬರುವ ಸ್ವತಂತ್ರ ಕಿರುಪದಗಳು ಆ ಸ್ಥಾನವನ್ನು ಆಕ್ರಮಿಸಿಕೊಂಡವು. ಈ ಸ್ಥಿತ್ಯಂತರದ ಗುರುತು ಹನ್ನೆರಡನೆಯ ಶತಮಾನದ ‘ಪೀಟರ್‌ಬರೋ ಕ್ರಾನಿಕಲ್’ನಲ್ಲಿದೆ. 1140ರ ವೃತ್ತಾಂತದಲ್ಲಿ, ಆಂಜೂ ಪ್ರಾಂತದ ಅರಸನು ಮುತ್ತಿಗೆ ಹಾಕಿದಾಗ ನಾರ್ಮಂಡಿಯ ಜನ ತಮ್ಮ ಕೋಟೆಗಳನ್ನು ಒಪ್ಪಿಸಿದ ಸಂಗತಿಯನ್ನು ಹೇಳುವಾಗ, ಲಿಪಿಕಾರನು ಕ್ರಿಯಾಪದದ ಮುಂದೆ ಹಳೆಯ ಪೂರ್ವಪ್ರತ್ಯಯವನ್ನೂ ಹಿಂದೆ ಹೊಸ ‘ಅಪ್’ ಅನ್ನೂ ಒಟ್ಟಿಗೇ ಬಳಸಿದ್ದಾನೆ. ಹಳೆಯ ಪದ್ಧತಿ ಹೋಗಿರಲಿಲ್ಲ, ಹೊಸದು ಬಂದಿತ್ತು.

ಈ ಪ್ರಯೋಗದಲ್ಲಿ ಗಮನಿಸಬೇಕಾದ ಅಂಶವೆಂದರೆ, ಅಲ್ಲಿ ಕೊಡುವವರಿದ್ದಾರೆ, ಕೊಡುವ ವಸ್ತುವಿದೆ, ಪಡೆಯುವವನೂ ಇದ್ದಾನೆ. ಕೋಟೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ. ಮುಂದಿನ ಶತಮಾನಗಳಲ್ಲಿ ಈ ರಚನೆ ಸವೆಯುತ್ತ ಬಂದಿತು. ಮೊದಲು ಪಡೆಯುವವನು ಮರೆಯಾದನು: ಹುದ್ದೆಯನ್ನು, ಚಟವನ್ನು, ಆಸೆಯನ್ನು ಬಿಡುವಾಗ ಅದನ್ನು ಪಡೆಯುವವರು ಯಾರೂ ಇಲ್ಲ. ಅನಂತರ ವಸ್ತುವೂ ಮರೆಯಾಯಿತು: ‘ಐ ಗಿವ್ ಅಪ್’ ಎಂಬ ವಾಕ್ಯದಲ್ಲಿ ಏನನ್ನು ಎಂಬ ಪ್ರಶ್ನೆಗೂ ಎಡೆಯಿಲ್ಲ. ಉಳಿದದ್ದು ಕರ್ತೃ ಮತ್ತು ಅವನ ಕೈಸೋತ ಸ್ಥಿತಿ ಮಾತ್ರ. ಕೊಡುವುದನ್ನು ಹೇಳಲು ಹುಟ್ಟಿದ ಪದಪುಂಜವೊಂದು ಹೀಗೆ ಕಳೆದುಕೊಳ್ಳುವುದನ್ನು ಹೇಳುವ ಪದಪುಂಜವಾಯಿತು.

2. ಮೂರು ಕ್ರಿಯೆಗಳಿಗೆ ಒಂದೇ ನುಡಿ

ಪಡೆಯುವವರನ್ನು ಮರೆಮಾಡುವ ಈ ಗುಣವು ಅನುವಾದದಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಇಂಗ್ಲಿಷಿನಲ್ಲಿಯೇ ಪ್ರಸಿದ್ಧ ನಿದರ್ಶನವಿದೆ. ಯೇಸುವಿನ ಮರಣವನ್ನು ನಾಲ್ಕು ಸುವಾರ್ತೆಗಳು ಗ್ರೀಕ್ ಮೂಲದಲ್ಲಿ ಮೂರು ಬೇರೆ ಬೇರೆ ಕ್ರಿಯಾಪದಗಳಿಂದ ಹೇಳುತ್ತವೆ. ಮಾರ್ಕ ಮತ್ತು ಲೂಕರಲ್ಲಿರುವುದು ಉಸಿರನ್ನು ಹೊರಬಿಡುವ ಕ್ರಿಯೆ. ಮತ್ತಾಯನಲ್ಲಿರುವುದು ಹಿಡಿದದ್ದನ್ನು ಹೋಗಗೊಡುವ ಕ್ರಿಯೆ. ಯೋಹಾನನಲ್ಲಿರುವುದು ಒಬ್ಬರಿಗೆ ವಹಿಸಿಕೊಡುವ, ಒಪ್ಪಿಸುವ ಕ್ರಿಯೆ. 1611ರಲ್ಲಿ ಪ್ರಕಟವಾದ ಕಿಂಗ್ ಜೇಮ್ಸ್ ಆವೃತ್ತಿಯು ಮಾರ್ಕ, ಲೂಕ, ಯೋಹಾನ ಈ ಮೂವರಲ್ಲಿಯೂ ‘ಗಿವ್ ಅಪ್ ದ ಘೋಸ್ಟ್’ ಎಂಬ ಒಂದೇ ನುಡಿಗಟ್ಟನ್ನು ಬಳಸಿತು. ಮತ್ತಾಯನಲ್ಲಿ ಮಾತ್ರ ‘ಗಿವ್’ ಬದಲಿಗೆ ‘ಯೀಲ್ಡ್’ ಎಂಬ ಕ್ರಿಯಾಪದ ಬಂದಿತು. ‘ಅಪ್’ ಅಲ್ಲಿಯೂ ಉಳಿಯಿತು.

ಉಸಿರು ನಿಲ್ಲುವುದು ದೇಹದ ಘಟನೆ. ಒಪ್ಪಿಸುವುದು ಇಬ್ಬರ ನಡುವಿನ ಸಂಬಂಧ; ಅಲ್ಲಿ ಸ್ವೀಕರಿಸುವವನೊಬ್ಬನಿದ್ದಾನೆ. ಇಂಗ್ಲಿಷ್ ನುಡಿಗಟ್ಟು ಈ ಎರಡನ್ನೂ ಒಂದೇ ಚೀಲಕ್ಕೆ ತುಂಬಿತು. ಮುಂದೆ ಆ ನುಡಿಗಟ್ಟು ಧಾರ್ಮಿಕ ಸಂದರ್ಭದಿಂದ ಕಳಚಿಕೊಂಡು, ಕೆಟ್ಟುನಿಂತ ಯಂತ್ರದ ಬಗ್ಗೆ ವಿನೋದವಾಗಿ ಆಡುವ ಮಾತಾಯಿತು. ಕನ್ನಡದಲ್ಲಿ ‘ಉಸಿರು ನಿಂತಿತು’, ‘ಪ್ರಾಣ ಬಿಟ್ಟನು’, ‘ಆತ್ಮವನ್ನು ಒಪ್ಪಿಸಿದನು’ ಎಂಬ ಮೂರೂ ಪ್ರಯೋಗಗಳು ಸಹಜವಾಗಿ ಲಭ್ಯವಿವೆ. ಇಂಗ್ಲಿಷಿನ ಮೂಲಕ ಕನ್ನಡಕ್ಕೆ ಬರುವ ಅನುವಾದಕರು ಒಂದು ನುಡಿಗಟ್ಟಿಗೆ ಒಂದೇ ಸಮಾನಪದ ಎಂಬ ನಿಯಮವನ್ನು ಪಾಲಿಸಿದರೆ, ಮೂಲದಲ್ಲಿಯೂ ಇದ್ದು ಕನ್ನಡದಲ್ಲಿಯೂ ಇರುವ ಭೇದವನ್ನು ಮಧ್ಯದ ಭಾಷೆಯ ಕಾರಣದಿಂದ ಕಳೆದುಕೊಂಡಂತಾಗುತ್ತದೆ.

‘ಗಿವ್ ಇನ್’ ಮತ್ತು ‘ಗಿವ್ ಅಪ್’ ಎಂಬ ಅಕ್ಕಪಕ್ಕದ ಜೋಡಿಯನ್ನೂ ಇಲ್ಲಿ ಪರಿಶೀಲಿಸಬಹುದು. ವಿನ್‌ಸ್ಟನ್ ಚರ್ಚಿಲ್ 1941ರ ಅಕ್ಟೋಬರ್ 29ರಂದು ಹ್ಯಾರೋ ಶಾಲೆಯಲ್ಲಿ ಮಾಡಿದ ಭಾಷಣವನ್ನು ‘ನೆವರ್ ಗಿವ್ ಅಪ್’ ಎಂಬ ಘೋಷಣೆಯಾಗಿ ಉಲ್ಲೇಖಿಸುವುದು ಸಾಮಾನ್ಯ. ವಾಸ್ತವವಾಗಿ ಅವರು ಬಳಸಿದ್ದು ‘ಗಿವ್ ಇನ್’. ‘ಗಿವ್ ಇನ್’ಗೆ ಎದುರಾಳಿ ಬೇಕು, ಅದು ಮಣಿಯುವುದು. ‘ಗಿವ್ ಅಪ್’ಗೆ ಎದುರಾಳಿ ಬೇಕಿಲ್ಲ; ಅದು ಕೈಚೆಲ್ಲುವುದು. ಯುದ್ಧಕಾಲದ ನಾಯಕನೊಬ್ಬ ಶತ್ರುವಿನ ಬಲಕ್ಕೆ ಮಣಿಯಬೇಡಿ ಎಂದು ಹೇಳಿದ ಮಾತು ಜನರ ನೆನಪಿನಲ್ಲಿ ಪ್ರಯತ್ನ ಬಿಡಬೇಡಿ ಎಂಬ ವೈಯಕ್ತಿಕ ಉಪದೇಶವಾಗಿ ಮಾರ್ಪಟ್ಟಿದೆ. ಮೌಖಿಕ ಪರಂಪರೆಯಲ್ಲಿ ಹೇಳಿಕೆಗಳು ಬಳಸುವವರ ಅಗತ್ಯಕ್ಕೆ ತಕ್ಕಂತೆ ರೂಪ ಬದಲಿಸುತ್ತವೆ ಎಂಬ ತತ್ತ್ವಕ್ಕೆ ಇದು ಆಧುನಿಕ ಉದಾಹರಣೆ. ಬದಲಾದದ್ದು ಒಂದು ಕಿರುಪದ, ಕಾಣೆಯಾದದ್ದು ಎದುರಾಳಿ.

3. ಒಗಟಿನ ಕರಾರು

‘ಗಿವ್ ಅಪ್’ ಎಂಬುದು ಪಡೆಯುವವರನ್ನು ಇಂದಿಗೂ ಉಳಿಸಿಕೊಂಡಿರುವ ಒಂದು ಜಾನಪದ ಸಂದರ್ಭವಿದೆ. ಅದು ಒಗಟಿನ ಆಟ. ಇಂಗ್ಲಿಷ್ ಮಾತನಾಡುವ ಮಕ್ಕಳು ಒಗಟು ಹಾಕಿದ ಮೇಲೆ ಎದುರಿನವರು ತಡವರಿಸಿದರೆ ‘ಡು ಯೂ ಗಿವ್ ಅಪ್?’ ಎಂದು ಕೇಳುತ್ತಾರೆ. ‘ಐ ಗಿವ್ ಅಪ್’ ಎಂದೊಡನೆ ಉತ್ತರ ಹೇಳುವುದು ಕೇಳಿದವರ ಬಾಧ್ಯತೆಯಾಗುತ್ತದೆ. ಇಲ್ಲಿ ಸೋಲನ್ನು ಒಪ್ಪುವ ಮಾತು ಸ್ಥಿತಿಯ ವರ್ಣನೆಯಲ್ಲ, ಅದೇ ಒಂದು ಕ್ರಿಯೆ. ಜೆ. ಎಲ್. ಆಸ್ಟಿನ್ ಅವರು ಗುರುತಿಸಿದ, ನುಡಿಯುವುದೇ ನಡೆಯಾಗುವ ವರ್ಗಕ್ಕೆ ಇದು ಸೇರುತ್ತದೆ. ಸೋತವನು ಮಾನವನ್ನು ಸ್ವಲ್ಪ ಕೊಟ್ಟು ಅರಿವನ್ನು ಪಡೆಯುತ್ತಾನೆ. ಇದು ವಿನಿಮಯ.

ಈ ಕರಾರು ಎಷ್ಟು ಬಲವಾದದ್ದು ಎಂಬುದು ಅದನ್ನು ಮುರಿದಾಗ ತಿಳಿಯುತ್ತದೆ. ಲೂಯಿ ಕ್ಯಾರೊಲ್ ಅವರ 1865ರ ಆಲಿಸ್ ಕಥೆಯಲ್ಲಿ ಟೋಪಿಗಾರನು ಕಾಡುಕಾಗೆಗೂ ಬರೆಯುವ ಮೇಜಿಗೂ ಇರುವ ಸಾಮ್ಯವೇನೆಂದು ಒಗಟು ಹಾಕುತ್ತಾನೆ. ಆಲಿಸ್ ಕೊನೆಗೆ ಸೋಲನ್ನು ಒಪ್ಪಿ ಉತ್ತರ ಕೇಳಿದಾಗ ತನಗೂ ಗೊತ್ತಿಲ್ಲವೆಂದುಬಿಡುತ್ತಾನೆ. ಆ ಪ್ರಸಂಗದ ಹಾಸ್ಯ ನಿಂತಿರುವುದು ಈ ಜಾನಪದ ಕರಾರಿನ ಉಲ್ಲಂಘನೆಯ ಮೇಲೆ. ಓದುಗರ ವಿಚಾರಣೆಗಳು ಎಡೆಬಿಡದೆ ಬಂದುದರಿಂದ ಕ್ಯಾರೊಲ್ 1896ರಲ್ಲಿ ಬರೆದ ಮುನ್ನುಡಿಯೊಂದರಲ್ಲಿ, ಮೂಲತಃ ಆ ಒಗಟಿಗೆ ಉತ್ತರವಿರಲಿಲ್ಲವೆಂದು ಒಪ್ಪಿ, ಒಂದು ಉತ್ತರವನ್ನೂ ಒದಗಿಸಿದರು. ಸೋಲನ್ನು ಸ್ವೀಕರಿಸಿದವನು ಉತ್ತರ ಕೊಡಲೇಬೇಕು ಎಂಬ ನಿಯಮ ಲೇಖಕನನ್ನೂ ಮೂವತ್ತು ವರ್ಷಗಳ ಅನಂತರ ಕಟ್ಟಿಹಾಕಿತು.

ಕನ್ನಡದ ಮಕ್ಕಳ ಒಗಟಿನಾಟದಲ್ಲಿಯೂ ಇದೇ ಕರಾರಿದೆ. ‘ಸೋತೆ ಅನ್ನು, ಹೇಳ್ತೀನಿ’ ಎಂಬುದು ಒಗಟು ಹಾಕಿದವರ ಷರತ್ತು. ‘ಸೋತೆ, ನೀನೇ ಹೇಳು’ ಎಂಬುದು ಉತ್ತರ. ಇಂಗ್ಲಿಷ್ ವರ್ತಮಾನಕಾಲದಲ್ಲಿ ನಡೆಸುವ ಕ್ರಿಯೆಯನ್ನು ಕನ್ನಡ ಭೂತಕಾಲದಲ್ಲಿ ನಡೆಸುತ್ತದೆ. ಮಾತು ಮುಗಿಯುವಷ್ಟರಲ್ಲಿ ಸೋಲು ಸಂಭವಿಸಿಬಿಟ್ಟಿರುತ್ತದೆ. ಮುನಿಸಿಕೊಂಡ ಮಕ್ಕಳು ‘ಟೂ ಬಿಟ್ಟೆ’ ಎಂದು ಗೆಳೆತನ ಕಡಿಯುವಾಗಲೂ ಇದೇ ಭೂತಕಾಲವಿದೆ. ಇನ್ನೂ ಮುಖ್ಯವಾದುದು, ಕನ್ನಡದಲ್ಲಿ ಒಗಟಿಗೆ ಉತ್ತರ ಹೇಳುವುದನ್ನು ಸೂಚಿಸುವ ಕ್ರಿಯಾಪದ. ಒಗಟನ್ನು ‘ಬಿಡಿಸು’ತ್ತಾರೆ. ನೂಲಿನ ಸಿಕ್ಕು, ಹತ್ತಿಯ ಕಾಯಿ, ಬಳ್ಳಿಯ ಮೇಲಿನ ಹೂವು, ಸೆರೆಯಲ್ಲಿರುವ ಮನುಷ್ಯ, ಒಗಟು – ಇವೆಲ್ಲವನ್ನೂ ಬಿಡಿಸುವುದೇ. ಇಂಗ್ಲಿಷಿನಲ್ಲಿ ಒಗಟಿನ ಎದುರು ಸೋಲುವುದಕ್ಕೆ ಸಲ್ಲುವ ಅರ್ಥವಲಯದ ಪದವೊಂದು ಕನ್ನಡದಲ್ಲಿ ಒಗಟನ್ನು ಗೆಲ್ಲುವುದಕ್ಕೆ ಸಲ್ಲುತ್ತದೆ. ಕನ್ನಡದ ‘ಬಿಡು’ ಎಂಬ ಧಾತುವಿನಲ್ಲಿ ಸೋಲಿನ ಛಾಯೆ ಸಹಜವಾಗಿ ಅಂಟಿಕೊಂಡಿಲ್ಲ ಎಂಬುದಕ್ಕೆ ಇದು ಮೊದಲ ಸುಳಿವು.

4. ಎರಡು ಪದಗಳ ಹಿಂದುಮುಂದು

‘ಗಿವ್ ಅಪ್’ನಲ್ಲಿರುವ ‘ಅಪ್’ ದಿಕ್ಕನ್ನು ಸೂಚಿಸುವುದಕ್ಕಿಂತ ಕ್ರಿಯೆ ಪೂರ್ಣಗೊಂಡುದನ್ನು ಸೂಚಿಸುತ್ತದೆ. ‘ಈಟ್ ಅಪ್’, ‘ಯೂಸ್ ಅಪ್’, ‘ಬರ್ನ್ ಅಪ್’ ಮುಂತಾದವುಗಳಲ್ಲಿಯೂ ಅದರ ಕೆಲಸ ಇದೇ. ಕನ್ನಡದಲ್ಲಿ ಈ ಕೆಲಸವನ್ನು ಮಾಡುವುದು ಸಹಾಯಕ ಕ್ರಿಯಾಪದವಾಗಿ ಬರುವ ‘ಬಿಡು’: ತಿಂದುಬಿಡು, ಮುಗಿಸಿಬಿಡು, ಸುಟ್ಟುಬಿಡು. ಆದ್ದರಿಂದ ‘ಗಿವ್ ಅಪ್’ ಎಂಬುದನ್ನು ರಚನೆಯ ಮಟ್ಟದಲ್ಲಿ ಕನ್ನಡಿಸಿದರೆ ದೊರೆಯುವ ರೂಪ ‘ಕೊಟ್ಟುಬಿಡು’. ಆದರೆ ನಿಘಂಟುಗಳೂ ರೂಢಿಯೂ ಹಲವು ಸಂದರ್ಭಗಳಲ್ಲಿ ಅದಕ್ಕೆ ಕೊಡುವ ಸಮಾನಪದ ‘ಬಿಟ್ಟುಕೊಡು’. ಎರಡೂ ರೂಪಗಳಲ್ಲಿರುವ ಧಾತುಗಳು ಅವೇ. ಕ್ರಮ ಮಾತ್ರ ತಿರುವುಮುರುವು.

ಈ ತಿರುವುಮುರುವಿನಲ್ಲಿ ಎರಡು ಭಾಷೆಗಳ ನಡೆ ಅಡಗಿದೆ. ಇಂಗ್ಲಿಷ್ ಕೊಡುವುದರಿಂದ ಹೊರಟು, ಅದನ್ನು ಕೊನೆಮುಟ್ಟಿಸಿ, ನಷ್ಟಕ್ಕೆ ತಲುಪುತ್ತದೆ. ಕನ್ನಡ ಬಿಡುವುದರಿಂದ ಹೊರಟು, ಅದಕ್ಕೆ ‘ಕೊಡು’ ಸೇರಿಸಿ, ಔದಾರ್ಯಕ್ಕೆ ತಲುಪುತ್ತದೆ. ಬಸ್ಸಿನಲ್ಲಿ ಮುದುಕರಿಗೆ ಜಾಗ ಬಿಟ್ಟುಕೊಡುವವರು, ಪಾಲಿನಲ್ಲಿ ತಮ್ಮನಿಗೆ ಹೊಲದ ಅಂಚು ಬಿಟ್ಟುಕೊಡುವ ಅಣ್ಣ – ಇಲ್ಲೆಲ್ಲ ಪಡೆಯುವವರು ಎದುರಿಗೇ ಇದ್ದಾರೆ. ‘ಕೊಡು’ ಎಂಬ ಅಂಶವೇ ಚತುರ್ಥಿ ವಿಭಕ್ತಿಯನ್ನು ಅಪೇಕ್ಷಿಸುತ್ತದೆ; ಯಾರಿಗೆ ಎಂಬುದನ್ನು ಹೇಳದೆ ವಾಕ್ಯ ತುಂಬುವುದಿಲ್ಲ.

ಪಡೆಯುವವರಿಲ್ಲದ ಬಿಡುವಿಕೆಗೆ ಕನ್ನಡದಲ್ಲಿ ಬೇರೆಯೇ ರೂಪಗಳಿವೆ. ಚಟವನ್ನು ‘ಬಿಟ್ಟುಬಿಡು’ತ್ತಾರೆ; ಅದನ್ನು ಯಾರೂ ಪಡೆಯುವುದಿಲ್ಲ. ನಂಬಿದವರನ್ನು ‘ಕೈಬಿಡು’ತ್ತಾರೆ, ಅಲ್ಲಿ ಪಡೆಯುವವರಿಲ್ಲ, ನೊಂದವರಿದ್ದಾರೆ. ಉಪಾಯ ಕಾಣದಾಗ ‘ಕೈಚೆಲ್ಲು’ತ್ತಾರೆ, ಅಲ್ಲಿ ನೋಯುವವನು ಕರ್ತೃವೇ. ಹೊಲವನ್ನು ‘ಬೀಳು ಬಿಡು’ತ್ತಾರೆ, ಅದು ಸೋಲೂ ಆಗಬಹುದು, ನೆಲಕ್ಕೆ ಕೊಟ್ಟ ವಿಶ್ರಾಂತಿಯೂ ಆಗಬಹುದು. ಇನ್ನೆಂದೂ ಮರಳದಂತೆ ಹಕ್ಕನ್ನೋ ಆಸೆಯನ್ನೋ ತೊರೆಯುವುದಕ್ಕೆ ‘ಎಳ್ಳುನೀರು ಬಿಡು’ ಎಂಬ ನುಡಿಗಟ್ಟಿದೆ. ಅದು ಸತ್ತವರಿಗೆ ತರ್ಪಣ ಕೊಡುವ ಆಚರಣೆಯಿಂದ ಬಂದದ್ದು. ಇದಕ್ಕೆ ಪ್ರತಿಯಾಗಿ ಪೂರ್ಣಮನಸ್ಸಿನಿಂದ ಕೊಡುವುದಕ್ಕೆ ‘ಧಾರೆ ಎರೆ’ ಎಂಬುದಿದೆ. ಎರಡರಲ್ಲಿಯೂ ನೀರು ಕೈಯಿಂದ ಇಳಿಯುತ್ತದೆ. ಒಂದರಲ್ಲಿ ಕೆಳಗೆ ಒಡ್ಡಿದ ಕೈ ಇದೆ, ಇನ್ನೊಂದರಲ್ಲಿ ಇಲ್ಲ. ಕನ್ನಡ ಶಾಸನಗಳಲ್ಲಿ ಭೂದಾನವನ್ನು ಹೇಳುವಾಗ ಧಾರಾಪೂರ್ವಕವಾಗಿ ‘ಬಿಟ್ಟ’ ದತ್ತಿ ಎಂಬ ಪ್ರಯೋಗ ಹೇರಳವಾಗಿ ದೊರೆಯುತ್ತದೆ. ಅಲ್ಲಿ ‘ಬಿಡು’ ಎಂಬುದರ ಅರ್ಥ ಕೊಡು ಎಂದೇ. ಮರ ಎಲೆ ಬಿಡುತ್ತದೆ, ಗಿಡ ಹೂ ಬಿಡುತ್ತದೆ ಎನ್ನುವಾಗಲಂತೂ ‘ಬಿಡು’ ಎಂಬುದು ಪಡೆಯುವ, ಫಲಿಸುವ ಅರ್ಥಕ್ಕೇ ಹತ್ತಿರವಾಗಿದೆ.

5. ಪಡೆಯುವವರ ಪ್ರಶ್ನೆ

ಈ ವಿಶ್ಲೇಷಣೆಯ ಪ್ರಯೋಜನವನ್ನು ಸಾರ್ವಜನಿಕ ಜೀವನದ ಮೂರು ಸಂದರ್ಭಗಳಲ್ಲಿ ಪರೀಕ್ಷಿಸಬಹುದು.

ಮೊದಲನೆಯದು ಸರಳವಾದದ್ದು. 2015ರ ಮಾರ್ಚ್ 27ರಂದು ಭಾರತ ಸರ್ಕಾರವು ಅಡುಗೆ ಅನಿಲದ ಸಬ್ಸಿಡಿಯನ್ನು ಉಳ್ಳವರು ಸ್ವಯಂಪ್ರೇರಣೆಯಿಂದ ತ್ಯಜಿಸಲು ಕೋರಿ ‘ಗಿವ್ ಇಟ್ ಅಪ್’ ಎಂಬ ಆಂದೋಲನವನ್ನು ಆರಂಭಿಸಿತು. 2016ರ ಏಪ್ರಿಲ್ ವೇಳೆಗೆ ಒಂದು ಕೋಟಿಗೂ ಹೆಚ್ಚು ಗ್ರಾಹಕರು ಇದಕ್ಕೆ ಸ್ಪಂದಿಸಿದ್ದರು. ಇಂಗ್ಲಿಷ್ ಘೋಷಣೆಯಲ್ಲಿ ಏನನ್ನು ಎಂಬುದಿದೆ, ಯಾರಿಗೆ ಎಂಬುದಿಲ್ಲ. ಆ ಕೊರತೆಯನ್ನು ತುಂಬಲೋ ಎಂಬಂತೆ ‘ಗಿವ್ ಬ್ಯಾಕ್’ ಎಂಬ ಹೆಸರಿನಲ್ಲಿ, ಬಿಟ್ಟುಕೊಟ್ಟವರನ್ನು ಬಡ ಕುಟುಂಬಗಳ ಹೊಸ ಅನಿಲ ಸಂಪರ್ಕದೊಡನೆ ಜೋಡಿಸುವ ವ್ಯವಸ್ಥೆಯನ್ನೂ ರೂಪಿಸಲಾಯಿತು. ಕನ್ನಡದಲ್ಲಿ ‘ಸಬ್ಸಿಡಿ ಬಿಟ್ಟುಕೊಡಿ’ ಎಂದರೆ ಪಡೆಯುವವರು ಕ್ರಿಯಾಪದದೊಳಗೇ ಇದ್ದಾರೆ. ‘ಸಬ್ಸಿಡಿ ಬಿಟ್ಟುಬಿಡಿ’ ಎಂದಿದ್ದರೆ ಅದು ಚಟ ಬಿಡಿಸುವ ಉಪದೇಶದಂತೆ ಕೇಳಿಸುತ್ತಿತ್ತು.

ಎರಡನೆಯ ಸಂದರ್ಭ ಗಂಭೀರವಾದದ್ದು. ಸಾಕಲಾರದ ತಾಯಿ ಮಗುವನ್ನು ದತ್ತು ನೀಡುವುದನ್ನು ಇಂಗ್ಲಿಷಿನಲ್ಲಿ ‘ಗಿವ್ ಅಪ್ ಫಾರ್ ಅಡಾಪ್ಷನ್’ ಎನ್ನುವುದು ರೂಢಿ. ಅಮೆರಿಕದಲ್ಲಿ ಸಮಾಜಕಾರ್ಯಕರ್ತೆ ಮರಿಯೆಟಾ ಸ್ಪೆನ್ಸರ್ 1970ರ ದಶಕದ ಕೊನೆಯಲ್ಲಿ ದತ್ತಕದ ಪರಿಭಾಷೆಯನ್ನು ಕುರಿತು ಬರೆದಾಗ, ಈ ಬಗೆಯ ರೂಢಿಯ ಮಾತುಗಳು ತಾಯಿಯನ್ನೂ ಮಗುವನ್ನೂ ನೋಯಿಸುತ್ತವೆ ಎಂಬ ಚರ್ಚೆ ಬಲಗೊಂಡಿತು. ‘ಗಿವ್ ಅಪ್’ ಎನ್ನುವಾಗ ತಾಯಿ ಮಗುವಿನ ಮೇಲೆ ಕೈಚೆಲ್ಲಿದಳು ಎಂಬ ಧ್ವನಿಯೂ ಸೇರಿಕೊಳ್ಳುತ್ತದೆ ಎಂಬುದು ಆಕ್ಷೇಪ. ಬದಲಿಗೆ ‘ದತ್ತಕದ ಯೋಜನೆ ಮಾಡಿಕೊಳ್ಳುವುದು’ ಎಂಬರ್ಥದ ನುಡಿಯನ್ನು ಸೂಚಿಸಲಾಯಿತು. ಆದರೆ ಮಕ್ಕಳನ್ನು ಕಳೆದುಕೊಂಡ ಹಲವು ತಾಯಂದಿರು ಆ ಹೊಸ ನುಡಿಯನ್ನೂ ಒಪ್ಪಲಿಲ್ಲ. ಬೇರೆ ದಾರಿಯೇ ಇಲ್ಲದೆ ಮಾಡಿದ್ದನ್ನು ಯೋಜನೆ ಎಂದು ಕರೆದರೆ, ತಮ್ಮ ಮೇಲೆ ಬಿದ್ದ ಒತ್ತಡವೇ ಮರೆಯಾಗುತ್ತದೆ ಎಂಬುದು ಅವರ ವಾದ. ಮೃದುವಾದ ಪದ ನಿಜವಾದ ಪದವಾಗಿರಬೇಕಿಲ್ಲ ಎಂಬುದನ್ನು ಈ ವಿವಾದ ತೋರಿಸುತ್ತದೆ.

ಭಾರತದ ಕಾನೂನು ಈ ವಿಷಯದಲ್ಲಿ ಆಡುಮಾತಿನ ಇಂಗ್ಲಿಷಿಗಿಂತ ಎಚ್ಚರದಿಂದಿದೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮದ 11ನೆಯ ಪ್ರಕರಣವು ಮಗುವನ್ನು ವಾಸ್ತವವಾಗಿ ಕೊಡುವುದೂ ತೆಗೆದುಕೊಳ್ಳುವುದೂ ನಡೆಯಬೇಕೆಂದು ವಿಧಿಸುತ್ತದೆ. ಅಲ್ಲಿರುವುದು ‘ಗಿವ್’, ‘ಅಪ್’ ಇಲ್ಲ. ಕೊಡುವ ಮಡಿಲು, ಪಡೆಯುವ ಮಡಿಲು ಎರಡೂ ಕಾನೂನಿನ ಕಣ್ಣಿಗೆ ಕಾಣಬೇಕು. 2015ರ ಬಾಲನ್ಯಾಯ ಅಧಿನಿಯಮವು ತೊರೆಯಲ್ಪಟ್ಟ ಮಗು, ಒಪ್ಪಿಸಲ್ಪಟ್ಟ ಮಗು ಎಂಬ ಎರಡು ಪ್ರತ್ಯೇಕ ವರ್ಗಗಳನ್ನು ಗುರುತಿಸುತ್ತದೆ. ತಮ್ಮ ಹತೋಟಿಗೆ ಮೀರಿದ ದೈಹಿಕ, ಭಾವನಾತ್ಮಕ ಅಥವಾ ಸಾಮಾಜಿಕ ಕಾರಣಗಳಿಂದ ಮಗುವನ್ನು ಸಾಕಲಾರದವರು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರಾಗಿ ಒಪ್ಪಿಸಬಹುದು. ಅವರಿಗೆ ಮರುಚಿಂತನೆಗೆ ಎರಡು ತಿಂಗಳ ಕಾಲಾವಕಾಶವೂ ಇದೆ. ಇದಕ್ಕೆ ವಿರುದ್ಧವಾಗಿ, ಹನ್ನೆರಡು ವರ್ಷದೊಳಗಿನ ಮಗುವನ್ನು ಪೂರ್ತಿಯಾಗಿ ತೊರೆಯುವ ಉದ್ದೇಶದಿಂದ ಎಲ್ಲಿಯಾದರೂ ಬಿಟ್ಟುಹೋಗುವುದು ಭಾರತೀಯ ನ್ಯಾಯ ಸಂಹಿತೆಯ 93ನೆಯ ಪ್ರಕರಣದಂತೆ ಏಳು ವರ್ಷಗಳವರೆಗೆ ಕಾರಾವಾಸ ವಿಧಿಸಬಹುದಾದ ಅಪರಾಧ. ಒಂದೇ ಇಂಗ್ಲಿಷ್ ನುಡಿಗಟ್ಟು ಸಡಿಲವಾಗಿ ಹೊದಿಸಬಹುದಾದ ಎರಡು ನಡೆಗಳಲ್ಲಿ ಒಂದು ಹಕ್ಕು, ಇನ್ನೊಂದು ಅಪರಾಧ.

ಈ ಭೇದವನ್ನು ಕನ್ನಡದ ಕ್ರಿಯಾಪದಗಳು ಸ್ಪಷ್ಟವಾಗಿ ಹಿಡಿಯಬಲ್ಲವು. ‘ಬಿಟ್ಟುಹೋದಳು’ ಎಂದರೆ ಪಡೆಯುವವರಿಲ್ಲ, ‘ಒಪ್ಪಿಸಿದಳು’ ಎಂದರೆ ಇದ್ದಾರೆ. ಸಮಿತಿಯ ಮುಂದೆ ನಿಂತು ಮಗುವನ್ನು ಒಪ್ಪಿಸಿದ ಹೆಣ್ಣೊಬ್ಬಳನ್ನು ವರದಿಯೊಂದು ‘ಮಗುವನ್ನು ಕೈಬಿಟ್ಟ ತಾಯಿ’ ಎಂದು ಬರೆದರೆ, ಇಂಗ್ಲಿಷಿನ ‘ಗಿವ್ ಅಪ್’ ಅನ್ನು ಯಾಂತ್ರಿಕವಾಗಿ ಕನ್ನಡಿಸಿದ ಆ ಒಂದು ಪದ ಕಾನೂನು ಅವಳಿಗೆ ಕೊಟ್ಟ ಘನತೆಯನ್ನು ಕಸಿದುಕೊಳ್ಳುತ್ತದೆ. ಮುಂದೊಂದು ದಿನ ತನ್ನ ಕಡತವನ್ನು ಓದುವ ಮಗುವಿಗೂ ಈ ಎರಡು ಪದಗಳ ನಡುವಿನ ಅಂತರ ಸಣ್ಣದಲ್ಲ.

ಮೂರನೆಯ ಸಂದರ್ಭವು ಇದುವರೆಗಿನ ವಾದಕ್ಕೆ ಒಂದು ಮಿತಿಯನ್ನು ಸೂಚಿಸುತ್ತದೆ. ಪಡೆಯುವವರು ಇದ್ದಮಾತ್ರಕ್ಕೆ ಬಿಡುವಿಕೆ ಔದಾರ್ಯವಾಗು‍ವುದಿಲ್ಲ. ಕರ್ನಾಟಕದ ಹಳ್ಳಿಗಳಲ್ಲಿ ದೇವರ ಹೆಸರಿನಲ್ಲಿ ಗೂಳಿಯನ್ನು ‘ಬಿಡು’ತ್ತಾರೆ, ಗ್ರಾಮದೇವತೆಯ ಜಾತ್ರೆಗೆ ಕೋಣವನ್ನು ‘ಬಿಡು’ತ್ತಿದ್ದರು, ಅದೇ ಕ್ರಿಯಾಪದದಿಂದ ಹೆಣ್ಣುಮಗಳನ್ನು ‘ಬಸವಿ ಬಿಡು’ತ್ತಿದ್ದರು. ಇಲ್ಲಿ ಪಡೆಯುವವನು ದೇವರೆಂದು ಹೇಳಲಾಗುತ್ತದೆ. ಆದರೆ ಆ ಹೆಣ್ಣು ದೇವರ ಪಾಲಾಗುವುದಿಲ್ಲ, ಊರಿನ ಬಲಶಾಲಿಗಳ ಪಾಲಾಗುತ್ತಾಳೆ. ಈ ಪದ್ಧತಿಯನ್ನು ನಿಷೇಧಿಸಿದ ಕರ್ನಾಟಕದ 1982ರ ಅಧಿನಿಯಮವು ‘ಸಮರ್ಪಣೆ’ ಎಂಬ ಪರಿಭಾಷೆಯನ್ನು ಬಳಸಿತು. ಕಾನೂನಿಗೆ ಅಂತಹ ಪದ ಬೇಕಾಗಿತ್ತು. ಆದರೆ ಸಮರ್ಪಣೆ ಎಂಬ ಗೌರವದ ಪದಕ್ಕಿಂತ, ಗೂಳಿಗೂ ಹೆಣ್ಣಿಗೂ ಒಂದೇ ಆಗಿದ್ದ ‘ಬಿಡು’ ಎಂಬ ಆಡುಮಾತು ಹೆಚ್ಚು ಸತ್ಯವನ್ನು ಹೇಳುತ್ತದೆ. ಹೆಸರಿಗೆ ಪಡೆಯುವವನೊಬ್ಬ, ನಿಜಕ್ಕೆ ಪಡೆಯುವವರು ಬೇರೆ ಎಂಬ ಈ ಸ್ಥಿತಿಯಲ್ಲಿ ಕ್ರಿಯಾಪದದ ವಿಶ್ಲೇಷಣೆಯಷ್ಟೇ ಸಾಲದು. ಪ್ರದರ್ಶನದ ಸಂದರ್ಭವನ್ನೂ ಅಧಿಕಾರದ ಸಂಬಂಧವನ್ನೂ ಸಂಶೋಧಕರು ಪ್ರಶ್ನಿಸಬೇಕಾಗುತ್ತದೆ. ‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ಗಾದೆ ಪಡೆಯುವವರ ಮೇಲೂ ಕಣ್ಣಿಡಬೇಕೆಂಬ ಜನಪದರ ಎಚ್ಚರವನ್ನು ಸಾರುತ್ತದೆ.

6. ನಿಘಂಟುಕಾರರ ಹೊಣೆ

ವಿಲಿಯಂ ರೀವ್ ಅವರ 1824ರ ಇಂಗ್ಲಿಷ್–ಕನ್ನಡ ನಿಘಂಟಿನಿಂದ ಮೊದಲ್ಗೊಂಡು ದ್ವಿಭಾಷಾ ನಿಘಂಟುಗಳ ದೀರ್ಘ ಪರಂಪರೆ ಕನ್ನಡಕ್ಕಿದೆ. ಫರ್ಡಿನಾಂಡ್ ಕಿಟ್ಟೆಲ್ ಅವರ 1894ರ ಕನ್ನಡ–ಇಂಗ್ಲಿಷ್ ನಿಘಂಟು ಪದಗಳ ಜೊತೆಗೆ ಗಾದೆಗಳನ್ನೂ ಪ್ರಯೋಗಗಳನ್ನೂ ಅಳವಡಿಸಿಕೊಂಡು, ಪದವನ್ನು ಅದರ ಬಳಕೆಯ ನೆಲೆಯಲ್ಲಿ ತೋರಿಸುವ ಮಾರ್ಗವನ್ನು ಹಾಕಿಕೊಟ್ಟಿತು. ಇಂಗ್ಲಿಷಿನಿಂದ ಕನ್ನಡಕ್ಕೆ ಬರುವ ದಿಕ್ಕಿನಲ್ಲಿ ಈ ಮಾರ್ಗ ಅಷ್ಟಾಗಿ ಬೆಳೆಯಲಿಲ್ಲ. ಬಳಕೆಯಲ್ಲಿರುವ ಚಿಕ್ಕ ನಿಘಂಟುಗಳಲ್ಲಿ ನುಡಿಗಟ್ಟು ಕ್ರಿಯಾಪದಗಳಿಗೆ ಬಿಡು, ತ್ಯಜಿಸು, ಕೈಬಿಡು, ಬಿಟ್ಟುಕೊಡು, ಶರಣಾಗು ಎಂಬಂತೆ ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಣಿಯೊಂದನ್ನು ಕೊಡುವುದೇ ಹೆಚ್ಚು. ಈ ಅಲ್ಪವಿರಾಮಗಳು ಬಳಕೆದಾರರಿಗೆ ನೀಡುವ ಸಂದೇಶ, ಯಾವುದನ್ನು ಆರಿಸಿದರೂ ಸರಿ ಎಂಬುದು. ಮೇಲಿನ ಚರ್ಚೆ ತೋರಿಸುವಂತೆ ಇವು ಪರ್ಯಾಯಗಳಲ್ಲ. ಪ್ರತಿಯೊಂದೂ ಒಂದು ಬೇರೆ ಸಾಮಾಜಿಕ ಸಂಬಂಧದ ಹೆಸರು.

ಇದಕ್ಕೆ ಪರಿಹಾರವಾಗಿ ನಿಘಂಟಿನ ನಮೂದುಗಳಲ್ಲಿ ಮೂರು ಅಂಶಗಳನ್ನು ಸೂಚಿಸಬಹುದು. ಒಂದು, ಬಿಟ್ಟದ್ದನ್ನು ಪಡೆಯುವವರು ಇದ್ದಾರೆಯೇ ಇಲ್ಲವೇ ಎಂಬುದು. ಎರಡು, ಬಿಡುವ ಕ್ರಿಯೆ ಇಚ್ಛೆಯಿಂದಾದದ್ದೋ ಒತ್ತಡದಿಂದಾದದ್ದೋ ಎಂಬುದು. ಮೂರು, ಆ ಮಾತು ಆಟ, ಆಚರಣೆ, ಕಾನೂನು, ಆಸ್ಪತ್ರೆ, ಮನೆ ಇವುಗಳಲ್ಲಿ ಯಾವ ಸಂದರ್ಭಕ್ಕೆ ಸಲ್ಲುತ್ತದೆ ಎಂಬುದು. ‘ಗಿವ್ ಅಪ್’ನ ಸಮಾನಪದಗಳನ್ನು ಹೀಗೆ ವಿಂಗಡಿಸಿದರೆ ‘ಬಿಟ್ಟುಕೊಡು’, ‘ಒಪ್ಪಿಸು’, ‘ಕೈಬಿಡು’, ‘ಕೈಚೆಲ್ಲು’, ‘ಬಿಟ್ಟುಬಿಡು’, ‘ಎಳ್ಳುನೀರು ಬಿಡು’ ಇವುಗಳಲ್ಲಿ ಒಂದರ ಜಾಗಕ್ಕೆ ಇನ್ನೊಂದು ಬಾರದು. ಇದೇ ಕ್ರಮವನ್ನು ‘ಟೇಕ್ ಆನ್’, ‘ಪುಟ್ ಅಪ್ ವಿತ್’, ‘ಲೆಟ್ ಡೌನ್’ ಮುಂತಾದ, ಮನುಷ್ಯ ಸಂಬಂಧಗಳನ್ನು ಸೂಚಿಸುವ ಇತರ ನುಡಿಗಟ್ಟುಗಳಿಗೂ ವಿಸ್ತರಿಸಬಹುದು. ಈ ಕೆಲಸಕ್ಕೆ ಬೇಕಾದ ಸಾಮಗ್ರಿ ಒಗಟು, ಗಾದೆ, ಆಚರಣೆ ಮತ್ತು ಆಡುನುಡಿಗಳ ಸಂಗ್ರಹಗಳಲ್ಲಿ ಈಗಾಗಲೇ ಹರಡಿಕೊಂಡಿದೆ. ನಿಘಂಟು ರಚನೆಯಲ್ಲಿ ಜಾನಪದ ವಿದ್ವಾಂಸರ ಪಾಲ್ಗೊಳ್ಳುವಿಕೆ ಈ ಕಾರಣದಿಂದ ಅಗತ್ಯ.

ಇಂಗ್ಲಿಷ್ ನುಡಿಗಟ್ಟಿನ ಅಸ್ಪಷ್ಟತೆಯನ್ನು ಆ ಭಾಷೆಯ ದೋಷವೆಂದು ಭಾವಿಸಬೇಕಾಗಿಲ್ಲ. ಕೋಟೆಯನ್ನು ಒಪ್ಪಿಸುವುದರಿಂದ ಹಿಡಿದು ಸಿಗರೇಟು ಬಿಡುವವರೆಗೆ ಒಂದೇ ಪದಜೋಡಿ ಸಾಗಿಬಂದಿರುವುದು ಅದರ ಮೌಖಿಕ ಪರಂಪರೆಯ ಕಸುವನ್ನೇ ತೋರಿಸುತ್ತದೆ; ಆ ಭಾಷೆಯನ್ನಾಡುವವರಿಗೆ ಸಂದರ್ಭವೇ ಅರ್ಥವನ್ನು ಒದಗಿಸುತ್ತದೆ. ಸಂದರ್ಭ ಕಳಚಿ ಪದ ಮಾತ್ರ ಕನ್ನಡಕ್ಕೆ ಬಂದಾಗ ತೊಡಕು ಆರಂಭವಾಗುತ್ತದೆ. ಕನ್ನಡದ ಅನುವಾದಕರು, ವರದಿಗಾರರು, ಕಚೇರಿಗಳಲ್ಲಿ ಕಡತ ಬರೆಯುವವರು ‘ಗಿವ್ ಅಪ್’ ಎಂಬ ಪದಜೋಡಿ ಎದುರಾದಾಗ ‘ಯಾರಿಗೆ?’ ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೊಂಡರೆ, ಸರಿಯಾದ ಕ್ರಿಯಾಪದ ಅವರ ಆಡುನುಡಿಯಲ್ಲಿಯೇ ದೊರೆಯುತ್ತದೆ.